ಮೊದಲು ಒಳ್ಳೆಯ ಐರನ್, ಆಮೇಲೆ ಹಾಟ್ ಏರ್: ಮೂಡಿಗೆರೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಬಿಡುವಿದ್ದಾಗ ಎಲೆಕ್ಟ್ರಾನಿಕ್ಸ್ ಕೆಲಸ ಮಾಡ್ತೀನಿ. ಇಎಸ್‌ಪಿ32 ಅನ್ನೋ ಸಣ್ಣ ಕಂಟ್ರೋಲರ್ ಬೋರ್ಡ್ ಹಾಕಿ ಪಂಪ್‌ಸೆಟ್ ಆನ್-ಆಫ್ ಮಾಡೋದು, ಮಣ್ಣಿನ ತೇವ ನೋಡೋದು, ಮನೆಯ ಎಲ್‌ಇಡಿ ಬಲ್ಬ್ ರಿಪೇರಿ, ಇಷ್ಟೇ. ಇರೋದು 25 ವ್ಯಾಟಿನ ಮಾಮೂಲಿ ಸೋಲ್ಡರಿಂಗ್ ಐರನ್. ಸಂಜೆ ಹೊತ್ತು ಸೋಲ್ಡರ್ ಸರಿಯಾಗಿ ಕರಗೋದೇ ಇಲ್ಲ. ಮಳೆಗಾಲದಲ್ಲಿ ಸ್ವಲ್ಪ ದಿನ ಬಿಟ್ಟರೆ ಬಿಟ್, ಅಂದರೆ ಐರನ್ನಿನ ತುದಿ, ತುಕ್ಕು ಹಿಡಿಯುತ್ತೆ. ಎಂಟು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಐರನ್ನೂ ಹಾಟ್ ಏರೂ (ಬಿಸಿಗಾಳಿ ಊದಿ ಸೋಲ್ಡರ್ ಕರಗಿಸೋ ಬ್ಲೋವರ್) ಇರುವ ಟೂ-ಇನ್-ಒನ್ ತಗೋ, 480 ಡಿಗ್ರಿವರೆಗೆ ಹೋಗುತ್ತೆ ಅಂತ ಗೆಳೆಯ ಹೇಳ್ತಾನೆ. ಹಾಟ್ ಏರ್ ಇಲ್ಲದೆ ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯೋ ಸಣ್ಣ ಭಾಗಗಳು) ಕೆಲಸ ಆಗಲ್ವಾ? ಇನ್ನೊಂದು ವಿಷಯ. ಆರು ವರ್ಷದ ಮಗಳಿಗೆ ವೀಸಿಂಗ್ ಇದೆ. ಸೀಸದ ಹೊಗೆ ಅಂತ ನನ್ನ ಹೆಂಡತಿ ಹೆದರ್ತಾಳೆ. ಲೆಡ್-ಫ್ರೀ, ಅಂದರೆ ಸೀಸ ಇಲ್ಲದ ಸೋಲ್ಡರ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಮೆಷಿನ್ ಆಯ್ಕೆಯ ಪ್ರಶ್ನೆ ಇದೆ, ಮನೆಯ ಕರೆಂಟಿನ ತೊಂದರೆ ಇದೆ, ಮಗಳ ಉಸಿರಾಟದ ಚಿಂತೆ ಇದೆ. ಮಗಳ ವಿಷಯವನ್ನೇ ಮೊದಲು ನೋಡೋಣ. ಯಾವ ಸ್ಟೇಷನ್ (ಬಿಸಿಯನ್ನು ಹಿಡಿದಿಡುವ ಸೋಲ್ಡರಿಂಗ್ ಮೆಷಿನ್) ತಂದರೂ ಇದನ್ನು ಸರಿ ಮಾಡಿಕೊಳ್ಳದೆ ಸ್ವಿಚ್ ಹಾಕಬೇಡಿ.

ಐರನ್ ಮುಟ್ಟಿಸಿದಾಗ ಏಳುವ ಬಿಳಿ ಹೊಗೆ ಸೀಸದ್ದಲ್ಲ. ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ನಾವು ಕೆಲಸ ಮಾಡುವುದು 350ರ ಆಸುಪಾಸಿನಲ್ಲಿ. ಆ ಬಿಸಿಯಲ್ಲಿ ಆವಿಯಾಗುವ ಸೀಸ ಲೆಕ್ಕಕ್ಕೇ ಬರುವುದಿಲ್ಲ. ಹೊಗೆ ಬರುವುದು ಸೋಲ್ಡರ್ ವೈರಿನ ಒಳಗಿರುವ ಫ್ಲಕ್ಸಿನಿಂದ, ಅಂದರೆ ಸೋಲ್ಡರ್ ಚೆನ್ನಾಗಿ ಹಿಡಿಯಲು ಸೇರಿಸಿದ ಪೈನ್ ಮರದ ರಾಳದಿಂದ. ಆದರೆ ನಿಮ್ಮ ಮನೆಯ ಮಟ್ಟಿಗೆ ಇದು ಸಮಾಧಾನದ ಸುದ್ದಿಯಲ್ಲ. ರಾಳದ ಹೊಗೆ ಉಸಿರಾಡುವ ಕೆಲಸಗಾರರಿಗೆ ಅಸ್ತಮಾ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಈಗಾಗಲೇ ವೀಸಿಂಗ್ ಇರುವ ಮಗು ಆ ಹೊಗೆಯ ಹತ್ತಿರ ಇರಲೇಬಾರದು. ನಿಮ್ಮ ಮನೆಯವರ ಹೆದರಿಕೆ ಸರಿಯಾಗಿಯೇ ಇದೆ, ಕಾರಣ ಮಾತ್ರ ಬೇರೆ.

ಲೆಡ್-ಫ್ರೀ ತಂದರೆ ಹೊಗೆ ಕಡಿಮೆಯಾಗುವುದಿಲ್ಲ. 63/37 ಸೋಲ್ಡರ್, ಅಂದರೆ 63 ಪಾಲು ತವರ, 37 ಪಾಲು ಸೀಸ, 183 ಡಿಗ್ರಿಗೆ ಕರಗುತ್ತದೆ. ಸಾಮಾನ್ಯವಾಗಿ ಸಿಗುವ ಲೆಡ್-ಫ್ರೀಯಲ್ಲಿ ತವರದ ಜೊತೆ ಸ್ವಲ್ಪ ಬೆಳ್ಳಿ, ತಾಮ್ರ ಇರುತ್ತದೆ. ಅದು ಕರಗಲು 217 ಡಿಗ್ರಿ ದಾಟಬೇಕು. ಬಿಸಿ ಜಾಸ್ತಿ, ಫ್ಲಕ್ಸ್ ಇನ್ನೂ ಖಾರ, ಹೊಗೆಯೂ ಕೆಲವೊಮ್ಮೆ ಜಾಸ್ತಿ.

ಸೀಸದ ಅಪಾಯ ಬರುವುದು ಕೈಯಿಂದ ಬಾಯಿಗೆ. ಸೋಲ್ಡರ್ ವೈರ್ ಹಿಡಿದ ಬೆರಳಲ್ಲಿ ಕಾಫಿ ಲೋಟ ಹಿಡಿಯುವುದು, ಬಿಟ್‌ನಿಂದ ಸಿಡಿದ ಚೂರು ನೆಲದಲ್ಲಿ ಬಿದ್ದಿರುವುದು, ಅದನ್ನು ಮಗು ಮುಟ್ಟುವುದು. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ. ಬೇರೆ ಕೋಣೆ, ಇಲ್ಲವೆಂದರೆ ಹೊರಗಿನ ಶೆಡ್ ಆದರೂ ಆಗಬಹುದು. ಕೆಲಸವನ್ನು ಅಂಚಿರುವ ಸ್ಟೀಲ್ ತಟ್ಟೆಯೊಳಗೆ ಮಾಡಿ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು. ಮುಗಿದ ಮೇಲೆ ಮೇಜು, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಪೊರಕೆಯಲ್ಲಿ ಗುಡಿಸಿದರೆ ಧೂಳು ಏಳುತ್ತದೆ. ಕೈಯನ್ನು ಸೋಪು ಹಾಕಿ ತೊಳೆದೇ ಮನೆಯೊಳಗೆ ಹೋಗಿ.

ಹೊಗೆಗೆ ಒಂದೇ ನಂಬಿಕೆಯ ದಾರಿ ಅದನ್ನು ಹೊರಗೆ ಕಳಿಸುವುದು. ಹಳೆಯ ಕಂಪ್ಯೂಟರಿನ ದೊಡ್ಡ ಫ್ಯಾನ್ ಒಂದನ್ನು ಕಿಟಕಿಗೆ ಕೂರಿಸಿ, ಗಾಳಿ ಆಚೆ ಹೋಗುವ ಹಾಗೆ. ಅದರಿಂದ ಬೋರ್ಡ್ ಹತ್ತಿರಕ್ಕೆ ಒಂದು ಅಗಲದ ಪೈಪ್ ತಂದರೆ ಇನ್ನೂ ಒಳ್ಳೆಯದು. ಇದ್ದಿಲಿನ ಫಿಲ್ಟರ್ ಹಾಕಿದ ಮೇಜಿನ ಫ್ಯಾನ್ ಮಾರುತ್ತಾರಲ್ಲ, ಅದು ಹೊಗೆಯನ್ನು ನಿಮ್ಮ ಮುಖದಿಂದ ದೂರ ಎಳೆಯುತ್ತದೆ. ಆದರೆ ಕೋಣೆಯ ಗಾಳಿ ಪೂರ್ತಿ ಶುದ್ಧವಾಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರೂ ಕಿಟಕಿ ಹಾಕಿಕೊಂಡು ಕೂರುತ್ತೇವೆ. ಹೊಗೆ ಕಟ್ಟಿಕೊಳ್ಳುವುದು ಆಗಲೇ. ಮಗಳ ಡಾಕ್ಟರಿಗೂ ಮನೆಯಲ್ಲಿ ಈ ಕೆಲಸ ನಡೆಯುತ್ತದೆ ಅಂತ ಒಮ್ಮೆ ಹೇಳಿಬಿಡಿ.

ಈಗ ಸಂಜೆಯ ತೊಂದರೆ. ನಿಮ್ಮ 25 ವ್ಯಾಟಿನ ಐರನ್ ನೇರವಾಗಿ ಮನೆಯ ಕರೆಂಟಿನಲ್ಲೇ ಕಾಯುತ್ತದೆ. ಅದರ ಒಳಗೆ ಬಿಸಿಯನ್ನು ಅಳೆಯುವ, ಹಿಡಿದಿಡುವ ಏರ್ಪಾಡು ಇಲ್ಲ. 25 ವ್ಯಾಟ್ ಎನ್ನುವುದು 230 ವೋಲ್ಟ್ ಇದ್ದಾಗಿನ ಮಾತು. ವೋಲ್ಟೇಜ್ ಇಳಿದರೆ ವ್ಯಾಟ್ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180 ವೋಲ್ಟ್ ಬಂದರೆ ಸಿಗುವುದು ಬರೀ 15 ವ್ಯಾಟ್. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಾರದೆ ಎಲ್ಲಾ ತೋಟದಲ್ಲೂ ಸ್ಪ್ರಿಂಕ್ಲರ್ ಮೋಟಾರ್ ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸೋಲ್ಡರ್ ಕರಗದಿರುವುದು ನಿಮ್ಮ ಕೈಯ ತಪ್ಪಲ್ಲ.

ಇದಕ್ಕೆ ಪರಿಹಾರ ಜಾಸ್ತಿ ಡಿಗ್ರಿ ಎಂದು ಅನೇಕರು ಅಂದುಕೊಳ್ಳುತ್ತಾರೆ. ಅಂಗಡಿಯಲ್ಲೂ 480 ಎನ್ನುವ ಸಂಖ್ಯೆ ತೋರಿಸಿಯೇ ಮಾರುತ್ತಾರೆ. ಡಿಸ್‌ಪ್ಲೇ ಮೇಲಿನ ಡಿಗ್ರಿ ಬಿಟ್ ಸುಮ್ಮನೆ ಗಾಳಿಯಲ್ಲಿರುವಾಗಿನದು. ತಾಮ್ರಕ್ಕೆ ತಾಗಿದ ಕೂಡಲೇ ಬಿಟ್‌ನ ಬಿಸಿ ಬೋರ್ಡಿಗೆ ಹರಿಯುತ್ತದೆ. ಹೋದ ಬಿಸಿಯನ್ನು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎನ್ನುವುದೇ ಐರನ್‌ನ ಗುಣ. ತೆಳುವಾದ ಕಾವಲಿ ಎಷ್ಟೇ ಕಾದಿದ್ದರೂ ಹಿಟ್ಟು ಹುಯ್ದ ತಕ್ಷಣ ತಣ್ಣಗಾಗಿ ದೋಸೆ ಅಂಟುತ್ತದೆ, ದಪ್ಪ ಕಾವಲಿಯಲ್ಲಿ ಹಾಗಾಗಲ್ಲ, ಅಲ್ವಾ? ಇಲ್ಲೂ ಅದೇ. ಬಿಸಿ ಸಾಲದ ಐರನ್ನನ್ನು 450ಕ್ಕೆ ಏರಿಸಿದರೆ ಬಿಟ್ ಕಪ್ಪಾಗುತ್ತದೆ, ಫ್ಲಕ್ಸ್ ಕೆಲಸ ಮಾಡುವ ಮೊದಲೇ ಸುಟ್ಟುಹೋಗುತ್ತದೆ, ಬೋರ್ಡ್‌ನ ಪ್ಯಾಡ್ (ಭಾಗ ಬೆಸೆಯುವ ತಾಮ್ರದ ತುಣುಕು) ಕಿತ್ತು ಬರುತ್ತದೆ. ಹೊಗೆಯೂ ಜಾಸ್ತಿ. ಸೀಸದ ಸೋಲ್ಡರ್‌ಗೆ 320ರಿಂದ 350 ಸಾಕು. ರಿಲೇ ಕಾಲು, ದಪ್ಪ ವೈರ್, ಅಗಲದ ಗ್ರೌಂಡ್ ತಾಮ್ರ ಬಂದಾಗ ಡಿಗ್ರಿ ಏರಿಸುವ ಮೊದಲು ಬಿಟ್ ಬದಲಿಸಿ, ಅಗಲದ್ದು ಹಾಕಿ.

ಹಾಗಾದರೆ ಯಾವುದು ತಗೋಬೇಕು? ನಿಮ್ಮ ಬಜೆಟ್‌ನಲ್ಲಿ ನಿಜವಾಗಿ ಎದುರಿಗಿರುವುದು ಮೂರು ಬಗೆ.

ಹ್ಯಾಕೋ ಕಂಪನಿಯ 936ರ ಮಾದರಿಯವು ಹಳೆಯ ಬಗೆ. ಹೀಟರ್ ಹ್ಯಾಂಡಲ್ ಒಳಗೆ, ಬಿಟ್ ಅದರ ಮೇಲೆ ಟೊಪ್ಪಿಯ ಥರ ಕೂರುತ್ತದೆ. ನಡುವೆ ಸಣ್ಣ ಸಂದು ಇರುತ್ತದೆ. ಆ ಸಂದಿನಲ್ಲೇ ಬಿಸಿ ತಡವಾಗುತ್ತದೆ. ಬಿಟ್ ಬಹಳ ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ನಿಮ್ಮ ಸಂಜೆಯ ವೋಲ್ಟೇಜ್ ಇದಕ್ಕೂ ಸ್ವಲ್ಪ ತಟ್ಟುತ್ತದೆ. ಆದರೂ ನಿಮ್ಮ ಈಗಿನ ಐರನ್‌ಗಿಂತ ಎಷ್ಟೋ ಮೇಲು.

ಟಿ12 ಬಗೆಯಲ್ಲಿ ಹೀಟರ್, ಬಿಸಿ ಅಳೆಯುವ ಸೆನ್ಸರ್, ಬಿಟ್ ಮೂರೂ ಒಂದೇ ಕಡ್ಡಿಯೊಳಗೆ. ಸೆನ್ಸರ್ ತುದಿಯ ಹತ್ತಿರವೇ ಇರುವುದರಿಂದ ಬಿಸಿ ಇಳಿದದ್ದು ಕೂಡಲೇ ಗೊತ್ತಾಗಿ ಕೂಡಲೇ ತುಂಬುತ್ತದೆ. 24 ವೋಲ್ಟ್‌ನಲ್ಲಿ ಸುಮಾರು 70 ವ್ಯಾಟ್. ಒಳಗಿನ ಪವರ್ ಸಪ್ಲೈ ಎಸ್‌ಎಂಪಿಎಸ್ (ಕಂಪ್ಯೂಟರಿನಲ್ಲಿ ಇರುವಂಥದ್ದು) ಆಗಿದ್ದು ಅದರ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ನಿಮ್ಮ ಮನೆಯ 180 ವೋಲ್ಟ್ ಅದಕ್ಕೆ ಸಮಸ್ಯೆಯೇ ಅಲ್ಲ. ಹಳೆಯ ಇನ್‌ವರ್ಟರ್‌ನಲ್ಲೂ ಓಡುತ್ತದೆ. ಹ್ಯಾಂಡಲ್ ಅಲುಗಾಡದೆ ಇದ್ದರೆ ತಾನೇ ತಣ್ಣಗಾಗುವ ಸೌಲಭ್ಯ ಬಹಳಷ್ಟರಲ್ಲಿ ಇದೆ. ಬಿಟ್ ಬಾಳಿಕೆಗೆ ಅದು ದೊಡ್ಡ ಸಹಾಯ. ನಿಮಗೆ ನಾನು ಹೇಳುವುದು ಇದನ್ನೇ. ಒಂದು ಎಚ್ಚರ ಬೇಕು. ಅಗ್ಗದ ಸ್ಟೇಷನ್‌ಗಳಲ್ಲಿ ಡಿಸ್‌ಪ್ಲೇ ಒಂದು ಹೇಳುತ್ತದೆ, ತುದಿ ಇನ್ನೊಂದಾಗಿರುತ್ತದೆ. ತಂದ ದಿನವೇ 200 ಡಿಗ್ರಿಗೆ ಇಟ್ಟು 63/37 ವೈರ್ ಮುಟ್ಟಿಸಿ. ಕರಗದಿದ್ದರೆ ಡಿಸ್‌ಪ್ಲೇ ಜಾಸ್ತಿ ಹೇಳುತ್ತಿದೆ ಎಂದು ತಿಳಿಯಿರಿ, ಸೆಟ್ಟಿಂಗ್‌ನಲ್ಲಿ ತಿದ್ದಿಕೊಳ್ಳಿ.

ಮೂರನೆಯದು ಪೈನ್‌ಸಿಲ್ ಥರದ, ಯುಎಸ್‌ಬಿ-ಸಿ ಚಾರ್ಜರ್‌ನಲ್ಲಿ ಓಡುವ ಐರನ್. ಕೆಲಸ ಚೆನ್ನಾಗಿ ಮಾಡುತ್ತದೆ. ತೋಟದ ಪಂಪ್‌ಹೌಸ್‌ಗೆ ಜೇಬಲ್ಲಿ ಹಾಕಿಕೊಂಡು ಹೋಗಬಹುದು. ಮಾಮೂಲಿ ಮೊಬೈಲ್ ಚಾರ್ಜರ್ ಇದಕ್ಕೆ ಸಾಲದು, 20 ವೋಲ್ಟ್ ಕೊಡುವ 65 ವ್ಯಾಟಿನ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಬೇಕು. ಎರಡು ಪಿನ್ನಿನ ಚಾರ್ಜರ್ ಆದರೆ ಐರನ್ ತುದಿಗೆ ಅರ್ಥಿಂಗ್ ಇರುವುದಿಲ್ಲ. ಚಾರ್ಜರ್ ಒಳಗಿನ ಕೆಪಾಸಿಟರ್ ಮೂಲಕ ಸಣ್ಣ ಸೋರಿಕೆ ಬಂದು ತುದಿಯಲ್ಲಿ ವೋಲ್ಟೇಜ್ ನಿಂತಿರುತ್ತದೆ. ಮೀಟರ್ ಹಿಡಿದರೆ ನೂರರ ಹತ್ತಿರ ವೋಲ್ಟ್ ತೋರಿಸುವುದೂ ಉಂಟು. ಕೈಗೆ ಜುಮ್ ಅನ್ನುತ್ತದೆ. ನಾಜೂಕಾದ ಸೆನ್ಸರ್ ಐಸಿಗೆ ಅದು ಒಳ್ಳೆಯದಲ್ಲ.

ಯಾವುದನ್ನು ತಂದರೂ ಜೊತೆಗೆ ಬರುವ ಸೂಜಿಮೊನೆ ಬಿಟ್ ಎತ್ತಿಡಿ. ಚಿಕ್ಕ ಕೆಲಸಕ್ಕೆ ಚಿಕ್ಕ ಮೊನೆ ಎನ್ನುವುದು ಸರಿ ಅನ್ನಿಸುತ್ತದೆ. ಆದರೆ ಆ ಮೊನೆಯಿಂದ ಬಿಸಿಯೇ ಹರಿಯುವುದಿಲ್ಲ. ಉಳಿಯ ಆಕಾರದ 2.4 ಮಿಲಿಮೀಟರ್ ಬಿಟ್ ಒಂದು, ಚಾಕುವಿನ ಆಕಾರದ ಕೆ ಬಿಟ್ ಒಂದು. ಇವೆರಡರಲ್ಲಿ ನಿಮ್ಮ ಬಹುಪಾಲು ಕೆಲಸ ಮುಗಿಯುತ್ತದೆ.

ತುಕ್ಕಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಈಗಿನ ಬಿಟ್‌ಗಳು ತಾಮ್ರದವು, ಮೇಲೆ ಕಬ್ಬಿಣದ ತೆಳು ಲೇಪ. ಆ ಕಬ್ಬಿಣವೇ ಮಲೆನಾಡಿನ ಥಂಡಿಗೆ ತುಕ್ಕು ಹಿಡಿಯುವುದು. ಹಳೆಯ ಬರೀ ತಾಮ್ರದ ಬಿಟ್‌ಗಳನ್ನು ಅರದಲ್ಲಿ ಉಜ್ಜುವುದು ರೂಢಿ. ಈಗಿನದಕ್ಕೆ ಅರ, ಸ್ಯಾಂಡ್‌ಪೇಪರ್ ಮುಟ್ಟಿಸಲೇಬಾರದು. ಲೇಪ ಹೋದರೆ ಒಳಗಿನ ತಾಮ್ರ ಸೋಲ್ಡರ್‌ನಲ್ಲಿ ಕರಗಿ ತುದಿ ಗುಳಿ ಬೀಳುತ್ತದೆ. ಹಿತ್ತಾಳೆ ತಂತಿಯ ಉಂಡೆಯಲ್ಲಿ ಒರೆಸಿ. ಆಫ್ ಮಾಡುವ ಮುಂಚೆ ತುದಿಗೆ ಧಾರಾಳವಾಗಿ ಸೋಲ್ಡರ್ ಮೆತ್ತಿ ಹಾಗೇ ಬಿಡಿ. ಎಷ್ಟು ದಿನ ಬಿಟ್ಟರೂ ತುಕ್ಕು ಹಿಡಿಯುವುದು ಆ ಸೋಲ್ಡರ್ ಪದರ ದಾಟಿದ ಮೇಲೆಯೇ.

ಟೂ-ಇನ್-ಒನ್ ವಿಷಯಕ್ಕೆ ಬರುತ್ತೇನೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ದಿನವಿಡೀ ಬ್ಲೋವರ್ ಓಡುತ್ತದೆ. ಅವರಿಗೆ ಅದು ಬೇಕು. ಕಡಿಮೆ ಬೆಲೆಯ ಟೂ-ಇನ್-ಒನ್‌ಗಳಲ್ಲಿ ಐರನ್ ಭಾಗ ಸಾಮಾನ್ಯವಾಗಿ ಹಳೆಯ 936 ಬಗೆಯದು. ನಿಮ್ಮ ಹತ್ತು ಕೆಲಸದಲ್ಲಿ ಒಂಬತ್ತು ಐರನ್‌ನದು, ದುಡ್ಡು ಹೋಗುವುದು ಹತ್ತನೆಯದಕ್ಕೆ. ಪವರ್ ಸಪ್ಲೈ ಕೆಟ್ಟರೆ ಎರಡೂ ಒಟ್ಟಿಗೆ ಕೈಕೊಡುತ್ತವೆ.

ಹಾಟ್ ಏರ್ ಇಲ್ಲದೆ ಎಸ್‌ಎಂಡಿ ಚೆನ್ನಾಗಿ ಆಗುತ್ತದೆ. 0805 ಅಳತೆಯ (ಸುಮಾರು 2 ಮಿಲಿಮೀಟರ್ ಉದ್ದದ) ರೆಸಿಸ್ಟರ್, ಎಂಟು ಕಾಲಿನ ಐಸಿ, ಇಎಸ್‌ಪಿ32 ಮಾಡ್ಯೂಲ್‌ನ ಅಂಚಿನ ಪ್ಯಾಡ್‌ಗಳು, ಎಲ್ಲದಕ್ಕೂ ಐರನ್ನು, ಫ್ಲಕ್ಸು, ಒಳ್ಳೆಯ ಚಿಮಟ ಇದ್ದರೆ ಸಾಕು. ಕಾಲುಗಳ ಮೇಲೆ ಫ್ಲಕ್ಸ್ ಹಚ್ಚಿ, ಸ್ವಲ್ಪ ಸೋಲ್ಡರ್ ಹಿಡಿದ ಚಾಕು ಬಿಟ್ಟನ್ನು ಸಾಲಾಗಿ ಎಳೆದುಕೊಂಡು ಹೋದರೆ ಒಂದೊಂದೇ ಕಾಲು ತಾನಾಗಿ ಕೂರುತ್ತದೆ. ಹಾಟ್ ಏರ್ ನಿಜಕ್ಕೂ ಬೇಕಾಗುವುದು ಎರಡು ಕಡೆ: ಹೊಟ್ಟೆಯ ಕೆಳಗೆ ಪ್ಯಾಡ್ ಇರುವ ಐಸಿಗಳಿಗೆ, ಮತ್ತು ತುಂಬಾ ಕಾಲಿನ ಭಾಗ ಅಥವಾ ಮಾಡ್ಯೂಲನ್ನು ಹಾಳಾಗದಂತೆ ತೆಗೆಯುವುದಕ್ಕೆ. ಅಪರೂಪಕ್ಕೆ ತೆಗೆಯಬೇಕಾದರೆ ಇನ್ನೊಂದು ದಾರಿಯೂ ಇದೆ. ಬಿಸ್ಮತ್ ಇರುವ, 138 ಡಿಗ್ರಿಗೆ ಕರಗುವ ಸೋಲ್ಡರನ್ನು ಎಲ್ಲಾ ಕಾಲಿಗೂ ಮೆತ್ತಿದರೆ ಮಿಶ್ರಣ ಬಹಳ ಹೊತ್ತು ಕರಗೇ ಇರುತ್ತದೆ, ಐಸಿ ಜಾರಿ ಬರುತ್ತದೆ. ಆಮೇಲೆ ಅದನ್ನು ವಿಕ್‌ನಲ್ಲಿ (ಸೋಲ್ಡರ್ ಹೀರುವ ತಾಮ್ರದ ಹೆಣೆದ ಪಟ್ಟಿ) ಪೂರ್ತಿ ಹೀರಿ ತೆಗೆಯಬೇಕು. ಬಿಸ್ಮತ್, ಸೀಸ, ತವರ ಸೇರಿದ ಮಿಶ್ರಣ ಕೆಲವು ಪ್ರಮಾಣದಲ್ಲಿ 96 ಡಿಗ್ರಿಗೇ ಕರಗುತ್ತದೆ. ಬಿಸಿಯಾಗುವ ಜಾಗದಲ್ಲಿ ಅಂಥ ಜಾಯಿಂಟ್ ನಿಲ್ಲುವುದಿಲ್ಲ.

ಮುಂದೆ ಹಾಟ್ ಏರ್ ತಗೊಳ್ಳಲೇಬೇಕು ಅನ್ನಿಸಿದರೆ ಬೇರೆಯಾಗಿ 858ಡಿ ಬಗೆಯದು ಹವ್ಯಾಸಕ್ಕೆ ಆಗುತ್ತದೆ. ಫ್ಯಾನ್ ಹ್ಯಾಂಡಲ್‌ನಲ್ಲೇ ಇರುತ್ತದೆ, ಸುಮಾರು 700 ವ್ಯಾಟ್. ಇದು ನೇರ ಮನೆಯ ಕರೆಂಟಿನದು, ಹಾಗಾಗಿ ವೋಲ್ಟೇಜ್ ಇಳಿದಾಗ ಇದೂ ಸೊರಗುತ್ತದೆ. 180 ವೋಲ್ಟ್‌ನಲ್ಲಿ ಸುಮಾರು 430 ವ್ಯಾಟ್. ಹಗಲು ಮಾಡುವ ಕೆಲಸ ಎಂದಿಟ್ಟುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ತೆಗೆಯುವ ಹೀಟ್ ಗನ್ ಇದಕ್ಕೆ ಬದಲಿಯಲ್ಲ. ಅದರ ಗಾಳಿಗೆ ಸಣ್ಣ ಭಾಗಗಳೆಲ್ಲ ಹಾರಿಹೋಗುತ್ತವೆ.

858ಡಿ ನಕಲುಗಳಲ್ಲಿ ಒಂದು ಅಪಾಯದ ದೋಷ ಕಂಡುಬಂದಿದೆ. ಕೆಲವುದರಲ್ಲಿ ಸ್ವಿಚ್ಚು, ಫ್ಯೂಸು ಫೇಸ್ ಬದಲು ನ್ಯೂಟ್ರಲ್ ತಂತಿಯಲ್ಲಿ ಇರುತ್ತವೆ. ಸ್ವಿಚ್ ಆಫ್ ಮಾಡಿದರೂ ಹೀಟರ್‌ಗೆ ಫೇಸ್ ಹಾಗೇ ಇರುತ್ತದೆ. ಹ್ಯಾಂಡಲ್‌ನ ಲೋಹದ ಕೊಳವೆಗೆ ಅರ್ಥ್ ಕೊಡದವೂ ಇವೆ. ಉಪಯೋಗಿಸುವ ಮೊದಲು ತಿಳಿದ ಎಲೆಕ್ಟ್ರೀಷಿಯನ್ ಕೈಯಲ್ಲಿ ತೆರೆಸಿ ನೋಡಿಸಿ. ಕೆಲಸ ಮುಗಿದರೆ ಗೋಡೆಯ ಪ್ಲಗ್ಗೇ ಕೀಳಿ. ಆದರೆ ಬಿಸಿ ಇರುವಾಗ ಕೀಳಬೇಡಿ. ಸ್ಟ್ಯಾಂಡ್‌ಗೆ ಹಾಕಿದ ಮೇಲೆ 100 ಡಿಗ್ರಿಗಿಂತ ಕೆಳಗಿಳಿದು ಫ್ಯಾನ್ ತಾನೇ ನಿಲ್ಲುವವರೆಗೆ ಕಾಯಿರಿ.

ನಮ್ಮ ಕಡೆ ಕರೆಂಟ್ ನಡುವೆ ಹೋಗುವುದು ಮಾಮೂಲು. ಆಗ ಫ್ಯಾನ್ ನಿಲ್ಲುತ್ತದೆ, ಹೀಟರ್ ಮಾತ್ರ ಕೆಂಡದ ಬಿಸಿಯಲ್ಲೇ ಇರುತ್ತದೆ. ಹ್ಯಾಂಡಲನ್ನು ಲೋಹದ ಸ್ಟ್ಯಾಂಡಿಗೆ ಹಾಕಿ, ಗೋಡೆಯ ಸ್ವಿಚ್ ಆರಿಸಿ. ಕತ್ತಲಲ್ಲಿ ಎದ್ದು ಹೋದಾಗ ಕರೆಂಟ್ ಬಂದು ಮೆಷಿನ್ ತಾನಾಗಿ ಶುರುವಾಗಬಾರದು. ಏಪ್ರಿಲ್-ಮೇ ಗುಡುಗಿನ ಹೊತ್ತಿನಲ್ಲಂತೂ ಯಾವ ಸ್ಟೇಷನ್ನೂ ಪ್ಲಗ್‌ನಲ್ಲಿ ಇರಬಾರದು.

ಮಲೆನಾಡಿನವರಿಗೆ ಹಾಟ್ ಏರ್‌ನಲ್ಲಿ ಇನ್ನೊಂದು ಸಮಸ್ಯೆ ತೇವ. ಐಸಿಯ ಪ್ಲಾಸ್ಟಿಕ್ ಮೈ ಗಾಳಿಯ ತೇವ ಹೀರುತ್ತದೆ. ಏಕಾಏಕಿ ಬಿಸಿ ಕೊಟ್ಟರೆ ಒಳಗಿನ ನೀರು ಆವಿಯಾಗಿ ಪಟ್ ಎಂದು ಬಿರುಕು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಡಿಲ ಐಸಿ, ಮಾಡ್ಯೂಲ್‌ಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬೋರ್ಡ್‌ಗೆ ಗಾಳಿ ಹಿಡಿಯುವಾಗ ಮೊದಲು ದೂರದಿಂದ, ಕಡಿಮೆ ಬಿಸಿಯಲ್ಲಿ ಇಡೀ ಜಾಗ ಕಾಯಿಸಿ, ಆಮೇಲೆ ಹತ್ತಿರ ತನ್ನಿ. ಹಾಸನದಲ್ಲಿ ನನ್ನ ಬೆಂಚಿಗೆ ಬರುವ ಬೋರ್ಡ್‌ಗಳಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯವು ನೋಡಿದ ಕೂಡಲೇ ಗೊತ್ತಾಗುತ್ತವೆ. ಯಾವ ಬಗೆಯೆಂದು ಬರೆಯದ ಪೇಸ್ಟ್ ಹಚ್ಚಿ ಒರೆಸದೆ ಬಿಟ್ಟ ಕಡೆ ಹಸಿರು ಕಟ್ಟಿರುತ್ತದೆ. ಪೈಪ್ ಬೆಸುಗೆಯ ಆಸಿಡ್ ಫ್ಲಕ್ಸ್ ಬೋರ್ಡಿಗೆ ಬೇಡ. ರಾಳದ ಫ್ಲಕ್ಸ್ ತಗೊಂಡು, ಕೆಲಸವಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಬ್ರಷ್‌ನಲ್ಲಿ ತೊಳೆದುಬಿಡಿ. ಪಂಪ್‌ಹೌಸ್‌ನಲ್ಲಿ ಕೂರುವ ಬೋರ್ಡ್‌ಗೆ ಇದು ತುಂಬಾ ಮುಖ್ಯ.

ಎಲ್‌ಇಡಿ ಬಲ್ಬ್‌ಗೆ ಐರನ್ನೂ ಸರಿಯಲ್ಲ, ಬ್ಲೋವರ್ ಕೂಡ ಅಷ್ಟಕ್ಕಷ್ಟೆ. ಅದರ ಬೋರ್ಡ್ ಅಲ್ಯೂಮಿನಿಯಂನದು, ಕೊಟ್ಟ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಕೆಳಗಿನಿಂದ ಕಾಯಿಸುವ ಸಣ್ಣ ಹಾಟ್ ಪ್ಲೇಟ್ ಇದಕ್ಕೆ ಸರಿ. ಪ್ಲೇಟಿಗೆ ಅರ್ಥ್ ಇದೆಯೇ ಎಂದು ಅಲ್ಲೂ ನೋಡಿಕೊಳ್ಳಿ. ಬಲ್ಬ್‌ನೊಳಗಿನ ಡ್ರೈವರ್ ಸರ್ಕ್ಯೂಟ್ ಬಹಳಷ್ಟು ಸಲ ಮನೆಯ ಕರೆಂಟಿನಿಂದ ಪ್ರತ್ಯೇಕವಾಗಿರುವುದಿಲ್ಲ. ಉರಿಯುವಾಗ ಮುಟ್ಟಬೇಡಿ. ಯಾವ ಬೋರ್ಡೇ ಆಗಲಿ, ಪ್ಲಗ್‌ನಲ್ಲಿರುವಾಗ ಸೋಲ್ಡರ್ ಮಾಡಬೇಡಿ.

ತೋಟದ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ಸ್ಟೇಷನ್ ಕೊಳ್ಳುವ ಮೊದಲು ಎಲೆಕ್ಟ್ರೀಷಿಯನ್ ಕರೆಸಿ ಅದನ್ನು ಸರಿ ಮಾಡಿಸಿ. ಸ್ಟೇಷನ್ ಬಂದ ಮೇಲೆ ಪ್ಲಗ್ ಹಾಕದೆ, ಪ್ಲಗ್‌ನ ಉದ್ದ ಪಿನ್ನಿಗೂ ಬಿಟ್‌ನ ತುದಿಗೂ ಮಲ್ಟಿಮೀಟರ್ ಹಿಡಿಯಿರಿ. ಒಂದೆರಡು ಓಮ್ ಬರಬೇಕು. ಓಪನ್ ತೋರಿಸಿದರೆ ವಾಪಸ್ ಕಳಿಸಿ.

ದುಡ್ಡಿನ ಲೆಕ್ಕ ಹೀಗೆ ಮಾಡಿ. ಎಂಟು ಸಾವಿರದಲ್ಲಿ ಅರ್ಧದವರೆಗೆ ಟಿ12 ಸ್ಟೇಷನ್ ಮತ್ತು ಆ ಎರಡು ಬಿಟ್‌ಗೆ. ಉಳಿದದ್ದರಲ್ಲಿ ಕಿಟಕಿಯ ಫ್ಯಾನ್, 0.8 ಮಿಲಿಮೀಟರ್‌ನ ಒಳ್ಳೆಯ ಕಂಪನಿಯ 63/37 ವೈರ್, ಫ್ಲಕ್ಸ್, ವಿಕ್, ಚಿಮಟ, ಹಿತ್ತಾಳೆ ಉಂಡೆ. ವೈರ್‌ನಲ್ಲಿ ಉಳಿತಾಯ ಮಾಡಬೇಡಿ. ತವರ ಕಡಿಮೆ ಹಾಕಿದ ಅಗ್ಗದ ವೈರ್ ತಡವಾಗಿ ಕರಗುತ್ತದೆ, ಮಂಕಾಗಿ ಕೂರುತ್ತದೆ, ತಪ್ಪು ಐರನ್‌ನದು ಅನ್ನಿಸುತ್ತದೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಕೈಯಲ್ಲಿ ಹಿಡಿದು ನೋಡಿ ತರಬಹುದು. ಮಿಕ್ಕ ಹಣ ಹಾಗೇ ಇರಲಿ. ಕೆಟ್ಟ ಸೆಟ್-ಟಾಪ್ ಬಾಕ್ಸ್‌ಗಳ ಬೋರ್ಡ್ ಇಟ್ಟುಕೊಂಡು ಎಸ್‌ಎಂಡಿ ಭಾಗ ತೆಗೆದು ಹಾಕಿ ಅಭ್ಯಾಸ ಮಾಡಿ. ಅವುಗಳಲ್ಲಿ ಸಾಮಾನ್ಯವಾಗಿ ಲೆಡ್-ಫ್ರೀ ಸೋಲ್ಡರ್ ಇರುತ್ತದೆ, ಬೇಗ ಕರಗಲ್ಲ. ಮೊದಲು ಸ್ವಲ್ಪ ನಿಮ್ಮ 63/37 ಸೇರಿಸಿ, ಆಮೇಲೆ ತೆಗೆಯಿರಿ. ಈ ಕೆಲಸಗಳಲ್ಲಿ ಐರನ್‌ನಿಂದ ಆಗದ್ದು ಮತ್ತೆ ಮತ್ತೆ ಎದುರಾದರೆ, ಆಗ ಆ ಹಣದಲ್ಲಿ ಹಾಟ್ ಏರ್ ತಗೊಳ್ಳಿ.